ಛೀ ಅತ್ತೆ ಕೆರೆ ನೋಡಲು ಹೋದದ್ದು

ಆಸ್ಪತ್ರೆಯ ಲಾಂಡ್ರಿಯಲ್ಲಿ ಆಯಸ್ಸೆಲ್ಲ ಸವೆಸಿದ ಹೆಂಗಸಿಗೆ ಅಸಹ್ಯ ಅನ್ನುವುದು ಸತ್ತೇ ಹೋಗಿರಬೇಕು ಅಂತ ನೀವು ಅಂದುಕೊಂಡಿದ್ದರೆ, ನಿಮಗೆ ಛೀ ಅತ್ತೆಯ ಪರಿಚಯವಿಲ್ಲ ಎಂದೇ ಅರ್ಥ. ರಕ್ತ, ಕೀವು, ವಾಂತಿ, ಇನ್ನೂ ಹೇಳಬಾರದ್ದು ಏನೇನೋ ಮೆತ್ತಿಕೊಂಡ ಹಾಸಿಗೆ ಬಟ್ಟೆಗಳನ್ನು ಅವಳು ಮೊಣಕೈವರೆಗಿನ ರಬ್ಬರ್ ಕೈಗವಸು ಹಾಕಿಕೊಂಡು, ಕೋಣೆಯಷ್ಟು ದೊಡ್ಡ ಯಂತ್ರದ ಬಾಯಿಗೆ ತುರುಕಿ, ಬಾಗಿಲು ಒದ್ದು ಮುಚ್ಚಿ, ಕೈ ತೊಳೆದು ಬಂದು ಡಬ್ಬಿ ಬಿಚ್ಚಿ ನೆಮ್ಮದಿಯಾಗಿ ಉಣ್ಣುತ್ತಿದ್ದಳು. ಅದೇ ಪಕ್ಕದಲ್ಲಿ ಕೂತವಳು ಪ್ರೀತಿಯಿಂದ ತನ್ನ ಚಮಚದಲ್ಲೇ ಒಂಚೂರು ಪಲ್ಯ ತೆಗೆದು ಅವಳ ಡಬ್ಬಿಗೆ ಹಾಕಿದಳೋ, ಮುಗಿಯಿತು. ಅವತ್ತಿನ ಊಟ ಕಸದ ಬುಟ್ಟಿಗೆ.

"ಸೋಪಿಗೆ ಬಗ್ಗೋ ಕೊಳಕು ಕೊಳಕೇ ಅಲ್ಲ ಕಣೇ. ಎಂಜಲು ಇದೆ ನೋಡು, ಅದು ಯಾವ ಸೋಪಿಗೂ ಬಗ್ಗಲ್ಲ" ಎನ್ನುತ್ತಿದ್ದಳು.

ಛೀ ಅತ್ತೆ ಅನ್ನುವುದು ಬೀದಿಯ ಮಕ್ಕಳು ಇಟ್ಟ ಹೆಸರು. ಅಣ್ಣನ ಮಗಳು ಗುಬ್ಬಿ "ಅತ್ತೇ" ಎಂದು ಕೂಗುವುದು, ಒಳಗಿನಿಂದ "ಛೀ, ಚಪ್ಪಲಿ ಹೊರಗೆ ಬಿಡು!" ಎಂಬ ಉತ್ತರ ಬರುವುದು, ಇದನ್ನು ದಿನಾ ಕೇಳಿ ಕೇಳಿ ಮಕ್ಕಳು ಎರಡನ್ನೂ ಅಂಟಿಸಿಬಿಟ್ಟಿದ್ದರು. ಅವಳಿಗೂ ಗೊತ್ತಿತ್ತು. ಬೇಜಾರೇನೂ ಇರಲಿಲ್ಲ. ಛೀ ಅನ್ನಬೇಕಾದ್ದು ಲೋಕದಲ್ಲಿ ಅಷ್ಟು ಬಿದ್ದಿರುವಾಗ ಯಾರಾದರೊಬ್ಬರು ಅನ್ನಲೇಬೇಕಲ್ಲ!

ಅವರ ಮನೆಯಲ್ಲಿ ಇದ್ದದ್ದು ಮೂರೇ ಜನ. ಅವಳು, ಲಾರಿ ಓಡಿಸುತ್ತ ತಿಂಗಳಲ್ಲಿ ಮುಕ್ಕಾಲು ಪಾಲು ರಸ್ತೆಯ ಮೇಲೇ ಇರುವ ಅಣ್ಣ, ಮತ್ತೆ ಗುಬ್ಬಿ. ಮೂವರಿಗೂ ಬೇರೆ ಬೇರೆ ಸ್ಟೀಲ್ ಲೋಟ. ಒಂದಕ್ಕೊಂದು ಅದಲುಬದಲಾಗದಿರಲಿ ಎಂದು ಲೋಟದ ತಳಕ್ಕೆ ನೇಲ್ ಪಾಲಿಶಿನ ಚುಕ್ಕೆ ಇಟ್ಟಿದ್ದಳು. ಅತ್ತೆಗೆ ಕೆಂಪು, ಗುಬ್ಬಿಗೆ ಗುಲಾಬಿ, ಅಣ್ಣನಿಗೆ ಕಂದು. ಚುಕ್ಕೆ ಮಾಸಿದರೆ ಹೊಸದಾಗಿ ಹಚ್ಚುವಳು. ಗುಬ್ಬಿ ಚಿಕ್ಕವಳಿದ್ದಾಗ ಒಮ್ಮೆ ಕೆಂಪು ಚುಕ್ಕೆಯ ಲೋಟದಿಂದ ಒಂದು ಗುಟುಕು ಹಾಲು ಕುಡಿದಿದ್ದಕ್ಕೆ ಬೆನ್ನಿಗೆ ಬಿದ್ದ ಏಟು ಅವಳಿಗೆ ಈಗಲೂ ನೆನಪಿದೆ.

ಇನ್ನೊಂದು ವಿಷಯ ಹೇಳಿಬಿಡಬೇಕು, ಆಮೇಲೆ ಮರೆತುಹೋಗುತ್ತದೆ. ಬೀದಿಯವರು ಏನೂ ಕಮ್ಮಿಯಿರಲಿಲ್ಲ. ಯಾರ ಮನೆಗಾದರೂ ಅತ್ತೆ ಹೋದರೆ, ಅವಳಿಗೆ ಮಾತ್ರ ನೀರು ಕಾಗದದ ಲೋಟದಲ್ಲಿ ಬರುತ್ತಿತ್ತು. "ಆಸ್ಪತ್ರೆ ಬಟ್ಟೆ ಒಗೆಯೋಳು, ಏನೇನು ಅಂಟಿಸ್ಕೊಂಡು ಬಂದಿರ್ತಾಳೋ" ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ಅವಳ ಕಿವಿಗೂ ಬಿದ್ದಿತ್ತು. ಬಸ್ಸಿನಲ್ಲಿ ಪಕ್ಕದವರು ಫಿನಾಯಿಲ್ ವಾಸನೆಗೆ ಮೂಗು ತಿರುವಿ ಎದ್ದು ಹೋಗಿ ನಿಲ್ಲುತ್ತಿದ್ದರು. ಅವಳು ಕಿಟಕಿಯ ಕಡೆ ಸರಿದು ಆರಾಮಾಗಿ ಕೂರುತ್ತಿದ್ದಳು. ಅದರ ಬಗ್ಗೆ ಒಂದು ದಿನವೂ ಯಾರ ಹತ್ತಿರವೂ ಮಾತಾಡಿದವಳಲ್ಲ.

ಮದುವೆಯಾಗಿತ್ತು ಅವಳಿಗೆ. ಗಂಡ ಬಸ್ ಕಂಡಕ್ಟರ್. ಒಳ್ಳೆಯ ಮನುಷ್ಯ, ಕುಡಿತವಿಲ್ಲ, ಹೊಡೆತವಿಲ್ಲ. ಆದರೆ ಹೆಬ್ಬೆರಳಿಗೆ ಎಂಜಲು ಮೆತ್ತಿ ಟಿಕೆಟ್ ಹರಿದು ಹರಿದು ಅಭ್ಯಾಸವಾಗಿ, ಮನೆಯಲ್ಲೂ ಅದೇ ಬೆರಳನ್ನು ನೆಕ್ಕಿ ಪೇಪರ್ ತಿರುವುತ್ತಿದ್ದ. ಆ ಪೇಪರನ್ನು ಅವಳು ಆಮೇಲೆ ಕೈಯಲ್ಲೂ ಮುಟ್ಟುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವನು ಬಿಸಿಲಲ್ಲಿ ಬಂದು ಕಿತ್ತಳೆ ಹಣ್ಣಿನ ರಸ ಅರ್ಧ ಕುಡಿದು, "ತಗೋ, ನಿಂಗೇ ಅಂತ ಉಳಿಸಿದೀನಿ" ಎಂದು ಲೋಟ ಮುಂದೆ ಚಾಚಿದ. ಅವಳು ಅದನ್ನು ತೆಗೆದುಕೊಂಡು ಅವನೆದುರಿಗೇ ಸಿಂಕಿಗೆ ಸುರಿದು, ಲೋಟವನ್ನು ಸೋಪು ಹಾಕಿ ಉಜ್ಜತೊಡಗಿದಳು. ಅವನು ನಿಂತು ನೋಡಿದ. ಜಗಳವಾಡಲಿಲ್ಲ. ಆದರೆ ಅವತ್ತಿನಿಂದ ಅವಳ ಕಡೆಗೆ ಏನನ್ನೂ ಚಾಚಲಿಲ್ಲ. ಒಂದು ವರ್ಷ ತುಂಬುವುದರೊಳಗೆ ಅವಳು ಅಣ್ಣನ ಮನೆಗೆ ಬಂದಳು. ಅಷ್ಟರಲ್ಲಿ ಅತ್ತಿಗೆ ತೀರಿಕೊಂಡು, ತೊಟ್ಟಿಲಲ್ಲಿ ಗುಬ್ಬಿ ಕಿರುಚುತ್ತಿತ್ತು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಆ ಗುಬ್ಬಿ ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ಸಂಜೆ ತರಕಾರಿ ಹೆಚ್ಚುತ್ತ ಕೂತವಳು, ತಲೆ ಎತ್ತದೆ, "ಅತ್ತೆ, ನಂಗೊಬ್ಬ ಇಷ್ಟ ಆಗಿದಾನೆ" ಎಂದಳು.

"ಯಾರು?"

"ಅಂಗಡಿಗೆ ಬರ್ತಿದ್ದ. ಕನ್ನಡಕ ಕೆರೇಲಿ ಬೀಳಿಸ್ಕೊಂಡು ಬೀಳಿಸ್ಕೊಂಡು ಬರ್ತಿದ್ದ. ಆ ದೊಡ್ಡ ಕೆರೆ ಪಾರ್ಕಿದೆಯಲ್ಲ, ಸರ್ಕಾರದ್ದು, ಜನ ಹೋಗಿ ಉಳ್ಕೋತಾರಲ್ಲ. ಅಲ್ಲಿ ಕೆಲಸ."

"ಕೆರೇಲಿ ಪದೇ ಪದೇ ಕನ್ನಡಕ ಬೀಳಿಸೋನಿಗೆ ಬುದ್ಧಿ ಎಲ್ಲಿ ಬಿದ್ದಿದೆ ಕೇಳಿದ್ಯಾ?" ಎಂದಳು ಅತ್ತೆ. "ಏನು ಕೆಲಸ?"

ಗುಬ್ಬಿ ಅದನ್ನು ಹೇಳಲಿಲ್ಲ. "ನೀನೇ ಬಂದು ನೋಡು. ಒಂದು ರಾತ್ರಿ ಅಲ್ಲೇ ಉಳಿಯೋಣ. ನೋಡಿ, ಮಾತಾಡಿ, ಹೂಂ ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು. ನೀನು ಬೇಡ ಅಂದ್ರೆ ನಂಗೂ ಬೇಡ."

ಅಣ್ಣ ದೂರದ ಯಾವುದೋ ಡಾಬಾದಿಂದ ಫೋನಿನಲ್ಲಿ, "ಸಾಕಿದೋಳು ನೀನು. ನಿನ್ನ ಮಾತೇ ನನ್ನ ಮಾತು" ಎಂದುಬಿಟ್ಟ. ಹೀಗೆ ಒಂದು ಹುಡುಗಿಯ ಬಾಳು ಛೀ ಅನ್ನುವ ಬಾಯಿಗೆ ಬಂದು ನಿಂತಿತು.

ಅವಳ ಬ್ಯಾಗು ನೋಡಬೇಕಿತ್ತು ನೀವು. ಮನೆಯದೇ ಹಾಸಿಗೆ ಬಟ್ಟೆ, ಮನೆಯದೇ ದಿಂಬು, ಎರಡು ಸೋಪು, ಫಿನಾಯಿಲ್ ಬಾಟಲಿ, ಸ್ನಾನಕ್ಕೆ ಮಗ್ಗು, ಹಳೆಯ ಬಟ್ಟೆಯ ಚೂರುಗಳು, ಮೂರು ಲೋಟ. "ಮೂರ್ಯಾಕೆ? ಅಪ್ಪ ಬರಲ್ವಲ್ಲ" ಎಂದು ಗುಬ್ಬಿ ಕೇಳಿದರೆ, "ಒಂದು ಬಿದ್ದು ಹಾಳಾದ್ರೆ?" ಎಂದಳು. ಮನೆಯನ್ನೇ ಹೊತ್ತುಕೊಂಡು ಹೊರಟ ಹಾಗಿತ್ತು.

ಪಾರ್ಕಿನ ಬಾಗಿಲಲ್ಲಿ ದೊಡ್ಡ ಬಣ್ಣದ ಹಲಗೆ ಇತ್ತು, ಅದರ ಮೇಲೆ ನೀಲಿ ಕೆರೆ, ಬಿಳಿ ದೋಣಿ, ನಗುವ ಸಂಸಾರ. ದೂರದ ಬೆಟ್ಟ ನುಣ್ಣಗೆ ಅನ್ನುವುದು ಕೆರೆಗೂ ಸಲ್ಲುತ್ತದೆ ಎಂಬುದು ಹತ್ತು ಹೆಜ್ಜೆ ಇಳಿಯುವುದರೊಳಗೆ ಗೊತ್ತಾಯಿತು. ದಡದ ನೀರು ಹಸಿರುಗಟ್ಟಿ, ಗಂಜಿಯ ಮೇಲೆ ಕೆನೆ ಕಟ್ಟಿದ ಹಾಗೆ ನಿಂತಿತ್ತು. ಅದರೊಳಗೇ ಜನ! ಹೊಟ್ಟೆ ಬಿಟ್ಟುಕೊಂಡ ಗಂಡಸರು, ತೊಡೆ ಮುಳುಗಿಸಿ ಕೂತ ಹೆಂಗಸರು, ಮೂಗು ಸುರಿಸುವ ಮಕ್ಕಳು. ಒಬ್ಬ ಅದೇ ನೀರನ್ನು ಬಾಯಿಗೆ ತುಂಬಿಕೊಂಡು, ಗಳಗಳ ಮುಕ್ಕಳಿಸಿ, ಪಿಚಕಾರಿಯಂತೆ ಮಗನ ಮುಖಕ್ಕೆ ಉಗಿದ. ಮಗ ಕೇಕೆ ಹಾಕಿ ನಕ್ಕ.

"ಛೀ ಛೀ ಛೀ!" ಅತ್ತೆ ಸೆರಗನ್ನು ಮೂಗಿಗೊತ್ತಿಕೊಂಡಳು. "ಇದಕ್ಕೆ ದುಡ್ಡು ಕೊಟ್ಟು ಬರ್ತಾರಾ? ಆ ನೀರಲ್ಲಿ ನಾಯಿ ಬೇರೆ ಈಜ್ತಾ ಇದೆ ನೋಡೇ."

"ಗಾಳಿ ಚೆನ್ನಾಗಿದೆ ಅಲ್ವಾ ಅತ್ತೆ?" ಎಂದಳು ಗುಬ್ಬಿ, ಹೆದರಿಕೊಂಡು.

"ಗಾಳಿಗೂ ವಾಸನೆ ಹತ್ತಿದೆ."

ಉಳಿಯಲು ಕೊಟ್ಟದ್ದು ಹಲಗೆಯ ಗೋಡೆಯ ಒಂದು ಪುಟ್ಟ ಕೋಣೆ. ಅತ್ತೆ ಹೊಸ್ತಿಲ ಮೇಲೇ ನಿಂತು ಒಳಗನ್ನೆಲ್ಲ ಕಣ್ಣಲ್ಲೇ ಜಾಲಾಡಿದಳು. ಆಮೇಲೆ ಹಾಸಿಗೆಯ ಮೇಲಿನ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿದಳು. ಕಲೆಗಳ ಜಾತಕ ಓದುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. "ಇದು ಟೀ. ಇದು ಮಗು ಉಚ್ಚೆ. ಇದು..." ಎಂದು ನಿಲ್ಲಿಸಿ, ಗುಬ್ಬಿಯ ಮುಖ ನೋಡಿ, "ಇದು ನಿಂಗ್ಯಾಕೆ!" ಎಂದು ಗದರಿ ಬಟ್ಟೆಯನ್ನು ಮೂಲೆಗೆಸೆದಳು. ದಿಂಬನ್ನು ಮೂಸಿ ಓಕರಿಸಿದಳು. ಬಚ್ಚಲಿಗೆ ಹೋದವಳು ಹೋದಷ್ಟೇ ಬೇಗ ಹೊರಗೆ ಬಂದಳು. ಯಾರೋ ಬಿಟ್ಟುಹೋದ ಸೋಪಿನ ಮೇಲೆ ಒಂದು ಉದ್ದ ಕೂದಲು ಸುತ್ತಿಕೊಂಡು ಅಂಟಿತ್ತು. ಫಿನಾಯಿಲ್ ಅರ್ಧ ಬಾಟಲಿ ಖಾಲಿಯಾಯಿತು. ಮೇಲೆ ಥಳಕು ಒಳಗೆ ಹುಳುಕು ಎಂದು ಗೊಣಗುತ್ತ, ಸೊಂಟಕ್ಕೆ ಸೆರಗು ಸಿಕ್ಕಿಸಿ, ವಿಹಾರಕ್ಕೆಂದು ಬಂದ ಹೆಂಗಸು ಸಂಜೆಯವರೆಗೂ ನೆಲ ಉಜ್ಜಿದಳು.

ಇಳಿಬಿಸಿಲಲ್ಲಿ ಗುಬ್ಬಿ ಅವಳನ್ನು ಬಲವಂತವಾಗಿ ದಡಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಎದೆಮಟ್ಟದ ನೀರಿನಲ್ಲಿ ಒಬ್ಬ ನಿಂತು, ಉದ್ದನೆಯ ಕೋಲಿಗೆ ಕಟ್ಟಿದ ಬಲೆಯಿಂದ ಪಾಚಿ ಎಳೆದು ಎಳೆದು ಪಕ್ಕದ ಚಪ್ಪಟೆ ದೋಣಿಗೆ ಹಾಕುತ್ತಿದ್ದ. ಪಾಚಿಯ ಜೊತೆಗೆ ಚಿಪ್ಸಿನ ಕವರು, ಒಂಟಿ ಚಪ್ಪಲಿ, ಕೊಳೆತ ಕಲ್ಲಂಗಡಿ ಸಿಪ್ಪೆ. ಬಲೆಗೆ ಸಿಕ್ಕದ್ದನ್ನು ಕೈಯಲ್ಲೇ ಎತ್ತಿದ. ಎತ್ತಿದ್ದು ನೀರು ಕುಡಿದು ಊದಿಕೊಂಡಿದ್ದ, ಮಗುವಿಗೆ ಕಟ್ಟುವ ಡೈಪರ್.

"ಅಯ್ಯಯ್ಯೋ! ಬರಿಗೈಯಲ್ಲಿ! ಕೈಗವಸೂ ಇಲ್ಲದೆ!" ಅತ್ತೆ ಕಣ್ಣು ಮುಚ್ಚಿಕೊಂಡಳು. "ಯಾವನೇ ಅವನು ಅನಿಷ್ಟ?"

ಗುಬ್ಬಿ ಅರ್ಧ ಹೆಜ್ಜೆ ಹಿಂದೆ ಸರಿದಳು. "ಅವನೇ ಅತ್ತೆ."

ಪಾರ್ಕಿನವರು ಅವನನ್ನು ಬಾತು ಎಂದು ಕರೆಯುತ್ತಿದ್ದರು, ದಿನವೆಲ್ಲ ನೀರಲ್ಲೇ ಇರುತ್ತಾನೆಂದು. ಕೆರೆಯ ಕಸ ತೆಗೆಯುವುದು, ದೋಣಿ ಮಗುಚಿದರೆ ಹಾರಿ ಎತ್ತುವುದು, ಶೌಚಾಲಯದ ಗುಂಡಿ ಕಟ್ಟಿಕೊಂಡರೆ ಬಿಡಿಸುವುದು, ಎಲ್ಲಕ್ಕೂ ಅವನೇ. ಅವನು ಇವರನ್ನು ಕಂಡು, ಮೈಯೆಲ್ಲ ಪಾಚಿ ಸುರಿಸುತ್ತ, ಹಲ್ಲು ಕಿರಿಯುತ್ತ ದಡಕ್ಕೆ ಬಂದ. ಮೂಗಿನ ಮೇಲೆ ಕನ್ನಡಕ, ಅದಕ್ಕೊಂದು ದಾರ ಕಟ್ಟಿ ಕುತ್ತಿಗೆಗೆ ನೇತುಹಾಕಿದ್ದ.

"ಬಂದ್ರಾ ಅತ್ತೆ? ಚೆನ್ನಾಗಿದೀರಾ?"

ನಮ್ಮ ಭಾಷೆಯಲ್ಲಿ ಇದೊಂದು ತೊಡಕು ನೋಡಿ. ಅಪ್ಪನ ತಂಗಿಯೂ ಅತ್ತೆ, ಹೆಣ್ಣು ಕೊಟ್ಟವಳೂ ಅತ್ತೆ. ಛೀ ಅತ್ತೆಗೆ ಎರಡನೆಯದೇ ಕೇಳಿಸಿತು.

"ಈಗ್ಲೇ ಅತ್ತೆಯಂತೆ! ಮೊದ್ಲು ಕೈ ತೊಳ್ಕೋ ಹೋಗಪ್ಪಾ."

"ತೊಳೀತೀನಿ ತೊಳೀತೀನಿ" ಎಂದು ನಕ್ಕು, ಬಗ್ಗಿ ಕೆರೆಯ ನೀರಿನಲ್ಲೇ ಕೈ ಅದ್ದಿ ತೊಳೆದ. ಅತ್ತೆಗೆ ತಲೆ ಚಿಟ್ಟು ಹಿಡಿಯಿತು.

"ಕೈ ಕೆಸರಾದ್ರೆ ಬಾಯಿ ಮೊಸರು ಅಲ್ವಾ ಅತ್ತೆ?" ಎಂದು ಅವನು ತಮಾಷೆಗೆ ಅಂದ.

"ಮಧ್ಯದಲ್ಲಿ ಸೋಪು ಅಂತೊಂದಿದೆ! ಕೆಸರಿನ ಕೈಯಲ್ಲಿ ಮೊಸರು ತಿನ್ನು ಅಂತ ಯಾರೂ ಹೇಳಿಲ್ಲ."

ಆಮೇಲೆ ಅವನು ನಿಜವಾಗಿ ಸ್ನಾನ ಮಾಡಿ, ತಲೆ ಬಾಚಿ, ಸುಟ್ಟ ಜೋಳದ ತೆನೆ ಮೂರು ಹಿಡಿದುಕೊಂಡು ಬಂದ. ಕಲ್ಲುಬೆಂಚಿನ ಮೇಲೆ ಕೂತರು. ಅತ್ತೆ ತನ್ನ ತೆನೆಯನ್ನು ಕಾಗದದಲ್ಲೇ ಸುತ್ತಿಟ್ಟು, ಅವನನ್ನು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದಳು. ಮನೆಯಲ್ಲಿ ಯಾರಿದಾರೆ, ಹಲ್ಲು ದಿನಕ್ಕೆಷ್ಟು ಸಲ ಉಜ್ಜುತ್ತೀಯ, ಹಾಸಿಗೆ ಬಟ್ಟೆ ಯಾವಾಗ ಒಗೆಯುತ್ತೀಯ. ಅವನು ಎಲ್ಲದಕ್ಕೂ ನಗುತ್ತ ಉತ್ತರ ಕೊಟ್ಟ, ಒಂದೂ ಸುಳ್ಳು ಹೇಳಲಿಲ್ಲ. ಹಾಸಿಗೆ ಬಟ್ಟೆಯ ವಿಷಯದಲ್ಲಿ ಹೇಳಿದ್ದರೆ ಒಳ್ಳೆಯದಿತ್ತು.

ಆಗ ಅದು ನಡೆಯಿತು. ಗುಬ್ಬಿಯ ತೆನೆ ಮುಗಿದಿತ್ತು. ಮಾತಿನ ನಡುವೆ, ಅವನ ಕೈಯಲ್ಲಿದ್ದ ಅರ್ಧ ಕಚ್ಚಿದ ತೆನೆಯನ್ನು ಅವಳು ಕೇಳದೆಯೇ ತೆಗೆದುಕೊಂಡು, ಅವನು ಬಾಯಿ ಹಾಕಿದ್ದ ಜಾಗದಿಂದಲೇ ಕಚ್ಚಿ ತಿಂದು, ವಾಪಸು ಕೊಟ್ಟಳು. ಅವನೂ ತಿಂದ. ಇಬ್ಬರಿಗೂ ಅದರ ಪರಿವೆಯೇ ಇರಲಿಲ್ಲ.

ಅತ್ತೆ ನೋಡಿದಳು. ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು, ಯಾರ ಎಂಜಲೂ ಮುಟ್ಟಬಾರದು ಎಂದು ಬೆಳೆಸಿದ ಹುಡುಗಿ! ಅವಳಿಗೆ ಅಸಹ್ಯವಾಯಿತು ನಿಜ. ಆದರೆ ಅದರ ಹಿಂದೆಯೇ ಇನ್ನೊಂದು ಉರಿ ಹತ್ತಿತು, ಅದು ಅಸಹ್ಯವಲ್ಲ, ಹೊಟ್ಟೆಕಿಚ್ಚು. ಈ ಹುಡುಗಿ ನನ್ನ ಲೋಟದಿಂದ ಒಂದೇ ಒಂದು ಗುಟುಕು ಕುಡಿದಿದ್ದಕ್ಕೆ ನಾನು ಹೊಡೆದೆ. ಇವನ ಬಾಯಿಂದ ತೆಗೆದು ತಿನ್ನುತ್ತಾಳೆ.

ಕೋಣೆಗೆ ಬಂದು ಬಾಗಿಲು ಹಾಕಿದ್ದೇ ತಡ, "ಬೇಡ" ಎಂದಳು.

ಗುಬ್ಬಿ ಹಾಸಿಗೆಯ ತುದಿಯಲ್ಲಿ ಕೂತಳು. "ಯಾಕತ್ತೆ?"

"ಯಾಕೆ ಅಂತ ಬೇರೆ ಕೇಳ್ತೀಯಾ? ಊರೋರ ಹೇಲು ಉಚ್ಚೆ ಎತ್ತೋನು. ಅವನ ಎಂಜಲು ತಿಂದ್ಯಲ್ಲೇ ನನ್ನ ಕಣ್ಮುಂದೇನೇ, ನಾಚಿಕೆ ಆಗಲ್ವಾ?"

"ನೀನೂ ಅದನ್ನೇ ತಾನೆ ಎತ್ತುತ್ತಿದ್ದದ್ದು ಅತ್ತೆ?"

"ನಾನು ತೊಳ್ಕೊಂಡು ಬರ್ತಿದ್ದೆ!"

"ಎಷ್ಟು ತೊಳ್ಕೊಂಡು ಬಂದ್ರೂ ನಿಂಗೆ ಕಾಗದದ ಲೋಟಾನೇ ಕೊಡ್ತಿದ್ರಲ್ಲ" ಎಂದಳು ಗುಬ್ಬಿ. ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡಳು. ಅತ್ತೆಗೆ ಗೊತ್ತು ಎಂದು ಅವಳಿಗೆ ಗೊತ್ತಿತ್ತು. ಆದರೆ ಆ ಮಾತು ಮನೆಯಲ್ಲಿ ಯಾವತ್ತೂ ಬಂದಿರಲಿಲ್ಲ.

ಅತ್ತೆ ಬಟ್ಟೆಯ ಚೂರು ತೆಗೆದು, ಉಜ್ಜಿದ್ದ ನೆಲವನ್ನೇ ಮತ್ತೆ ಉಜ್ಜತೊಡಗಿದಳು. ಗುಬ್ಬಿ ಕಣ್ಣೊರೆಸಿಕೊಂಡು, "ಆಯ್ತು. ಮಾತು ಕೊಟ್ಟಿದೀನಿ. ನೀನು ಬೇಡ ಅಂದ್ರೆ ಬೇಡ. ಬೆಳಿಗ್ಗೆ ಹೇಳ್ಬಿಡ್ತೀನಿ ಅವನಿಗೆ" ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಹಟ ಮಾಡಿದ್ದರೆ, ಕೂಗಾಡಿದ್ದರೆ ಅತ್ತೆಗೆ ಸುಲಭವಾಗುತ್ತಿತ್ತು. ಹುಡುಗಿ ಅಷ್ಟು ಬೇಗ ಒಪ್ಪಿದ್ದೇ ಅವಳಿಗೆ ಚುಚ್ಚಿತು. ಅವತ್ತು ಅವರಿಬ್ಬರೂ ಊಟ ಮಾಡಲಿಲ್ಲ.

ಬೆಳಿಗ್ಗೆ ಅತ್ತೆ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಕೆಂಪು ಚುಕ್ಕೆಯ ಲೋಟ. ಎರಡು ಗುಟುಕು ಕುಡಿದು ಪಕ್ಕಕ್ಕಿಟ್ಟಿದ್ದಳು, ಬಿಸಿ ಆರಲಿ ಎಂದು. ಒಳಗೆ ಗುಬ್ಬಿ ಬ್ಯಾಗು ಕಟ್ಟುತ್ತಿದ್ದಳು, ಸದ್ದಿಲ್ಲದೆ. ಆಗ ಬಾತು ಕೆರೆಯ ಕಡೆಯಿಂದ ಬಂದ. ಬೆಳಗಿನ ನೀರಿನಲ್ಲಿ ಎಷ್ಟು ಹೊತ್ತು ಇದ್ದನೋ, ತುಟಿ ನೀಲಿಗಟ್ಟಿ ಹಲ್ಲು ಕಟಕಟ ಎನ್ನುತ್ತಿದ್ದವು. ಅತ್ತೆಯ ಮುಖ ನೋಡಿಯೇ ಅವನಿಗೆ ಉತ್ತರ ಗೊತ್ತಾಗಿರಬೇಕು. ಆದರೂ ಅವಳಿಂದ ಒಂದು ಮೆಟ್ಟಿಲು ಕೆಳಗೆ ಕೂತ.

"ಸಿಕ್ಕಾಪಟ್ಟೆ ಚಳಿ ಅತ್ತೆ" ಎಂದು, ಪಕ್ಕದಲ್ಲಿದ್ದ ಲೋಟವನ್ನು ಎತ್ತಿ, ತುಟಿಗೆ ಹಚ್ಚಿ, ಗಟಗಟ ಕುಡಿದ.

"ಏಯ್! ಏಯ್!" ಅತ್ತೆ ಎದ್ದೇ ನಿಂತಳು. "ಅದು ನನ್ನ ಎಂಜಲು ಕಣೋ!"

ಬಾಗಿಲಿಗೆ ಓಡಿಬಂದ ಗುಬ್ಬಿ ಲೋಟದ ತಳದ ಕೆಂಪು ಚುಕ್ಕೆ ಕಂಡು ಬಾಯಿಗೆ ಕೈ ಇಟ್ಟುಕೊಂಡಳು.

ಅವನು ಅಂಗೈಯಿಂದ ಬಾಯೊರೆಸಿಕೊಂಡ. "ಗೊತ್ತತ್ತೆ. ನೀವು ಕುಡೀತಿದ್ದದ್ದನ್ನ ಅಲ್ಲಿಂದಲೇ ನೋಡಿದೆ. ಅದಕ್ಕೇನೀಗ?"

"ಅದಕ್ಕೇನೀಗ ಅಂದ್ರೆ? ಅಸಹ್ಯ ಆಗಲ್ವಾ ನಿಂಗೆ?"

"ನಿಮ್ಮದಾ? ನಿಮ್ಮದ್ಯಾಕೆ ಅಸಹ್ಯ ಆಗುತ್ತೆ?" ಎಂದ ಅವನು. ನಿಜವಾಗಿಯೂ ಅವನಿಗೆ ಪ್ರಶ್ನೆ ಅರ್ಥವಾಗಿರಲಿಲ್ಲ. ಅಷ್ಟರಲ್ಲಿ ದಡದಿಂದ ಯಾರೋ "ಬಾತೂ, ದೋಣಿ!" ಎಂದು ಕೂಗಿದರು. ಅವನು ಲೋಟವನ್ನು ಮೆಟ್ಟಿಲ ಮೇಲಿಟ್ಟು, ಕನ್ನಡಕದ ದಾರ ಸರಿಮಾಡಿಕೊಂಡು ಓಡಿದ.

ಲೋಟದಲ್ಲಿ ಅರ್ಧ ಉಳಿದಿತ್ತು.

ಛೀ ಅತ್ತೆ ಕೂತಳು. ಲೋಟ ಕೈಗೆತ್ತಿಕೊಂಡಳು. ಅಂಚಿನ ಮೇಲೆ ಅವನ ತುಟಿಯ ಗುರುತು, ಪಕ್ಕದಲ್ಲೊಂದು ಪಾಚಿಯ ಎಳೆ. ಥೂ! ಅವಳು ಯಾರ ಎಂಜಲನ್ನೂ ಮುಟ್ಟಿದವಳಲ್ಲ, ಅದು ಲೋಕಕ್ಕೇ ಗೊತ್ತು. ಆದರೆ ಏಟು ತಿಂದ ಗುಬ್ಬಿಯ ಆ ಒಂದು ಗುಟುಕು ಬಿಟ್ಟರೆ, ಅವಳದನ್ನೂ ಯಾರೂ ಮುಟ್ಟಿರಲಿಲ್ಲ. ಗಂಡ ಒಮ್ಮೆ ಚಾಚಿದ್ದನೇ ಹೊರತು ಅವಳ ಲೋಟ ಕೇಳಿರಲಿಲ್ಲ. ಬೀದಿಯವರು ಅವಳು ಕುಡಿದದ್ದನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ಬಿಸಾಡುತ್ತಿದ್ದರು. ಕೆರೆಯ ಕೊಳಕೆಲ್ಲ ತೆಗೆಯುವ ಈ ಕೊಳಕ, ಅವಳ ಬಾಯಿ ಮುಟ್ಟಿದ್ದನ್ನು ಕೊಳಕು ಅಂದುಕೊಳ್ಳಲೇ ಇಲ್ಲ.

ಗುಬ್ಬಿ ಬಾಗಿಲಲ್ಲೇ ನಿಂತಿದ್ದಳು. ಟೀ ಈಗ ಹುಲ್ಲಿಗೆ ಬೀಳುತ್ತದೆ, ಲೋಟ ಪೊದೆಗೆ ಬೀಳುತ್ತದೆ ಎಂದು ಕಾಯುತ್ತಿದ್ದಳು. ಅತ್ತೆ ಲೋಟವನ್ನು ಹುಲ್ಲಿನ ಕಡೆಗೆ ಚಾಚಿಯೂ ಚಾಚಿದಳು. ಕೈ ಅಲ್ಲೇ ನಿಂತಿತು. ಆಮೇಲೆ ಪಾಚಿಯ ಎಳೆಯನ್ನು ಉಗುರಿನಿಂದ ಕೆರೆದು ಬಿಸಾಕಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಮುಖ ಕಿವುಚಿ, ಕಹಿ ಔಷಧಿ ಕುಡಿಯುವವಳಂತೆ ಒಂದೇ ಗುಟುಕಿಗೆ ಕುಡಿದುಬಿಟ್ಟಳು. ಓಕರಿಕೆ ಬಂತು. ಬಾಯಿಗೆ ಸೆರಗು ಒತ್ತಿ ತಡೆದುಕೊಂಡಳು. ಕಣ್ಣಲ್ಲಿ ನೀರು ಬಂದಿತ್ತು, ಅದು ಓಕರಿಕೆಯದೇ ಇರಬೇಕು.

"ಅತ್ತೆ..." ಎಂದಳು ಗುಬ್ಬಿ.

"ಛೀ, ಸುಮ್ನಿರು" ಎಂದಳು ಅತ್ತೆ. ಮೂಗು ಸೊರ್ರೆಂದು ಎಳೆದುಕೊಂಡಳು. "ಆ ಬ್ಯಾಗಲ್ಲಿ ಮೂರನೇ ಲೋಟ ಇದೆ ನೋಡು, ಹೊಸದು. ತಳಕ್ಕೆ ಇನ್ನೂ ಚುಕ್ಕೆ ಹಚ್ಚಿಲ್ಲ. ನಿನ್ನ ಹತ್ರ ನೀಲಿ ನೇಲ್ ಪಾಲಿಶ್ ಇದ್ಯಾ? ಇಲ್ಲಾಂದ್ರೆ ಆ ಕೊಳಕ ದಿನಾ ನನ್ನ ಲೋಟಕ್ಕೇ ಬಾಯಿ ಹಾಕ್ತಾನೆ."